ಹಾನಿ, ನೋವು ಮತ್ತು ನಾಲ್ಕು ಜನ: ಮಿಲ್‌ನ ವ್ಯಕ್ತಿಸ್ವಾತಂತ್ರ್ಯದ ಬಗ್ಗೆ ಒಂದು ಅಧ್ಯಯನ ಟಿಪ್ಪಣಿ

ರಾಜಕೀಯ ಸಿದ್ಧಾಂತ ಓದುವ ನನ್ನ ಗೆಳೆಯರಲ್ಲಿ ಬಹಳ ಮಂದಿ ಎಡವುವುದು ‘ವ್ಯಕ್ತಿವಾದ’ ಎಂಬ ಪದದ ಹೊಸ್ತಿಲಲ್ಲಿಯೇ. ‘ತನ್ನದಷ್ಟೇ ನೋಡಿಕೊಳ್ಳುವವನು’ ಎಂಬುದು ನಮ್ಮಲ್ಲಿ ಬೈಗುಳ. ಆ ಅರ್ಥವನ್ನು ಬೆನ್ನಿಗೆ ಕಟ್ಟಿಕೊಂಡು ‘ಆನ್ ಲಿಬರ್ಟಿ’ ತೆರೆದರೆ, ಇಂಗ್ಲೆಂಡಿನ ತತ್ತ್ವಚಿಂತಕ ಜಾನ್ ಸ್ಟುವರ್ಟ್ ಮಿಲ್ ಸ್ವಾರ್ಥದ ಪರವಾಗಿ ವಕಾಲತ್ತು ಹಾಕಿದ್ದಾನೆ ಎಂದೇ ಕಾಣುತ್ತದೆ. ಫ್ರಾನ್ಸಿನ ರಾಜಕೀಯ ಚಿಂತಕ ಟಾಕ್ವಿಲ್ 1840ರಲ್ಲಿಯೇ ಸ್ವಾರ್ಥವನ್ನೂ ವ್ಯಕ್ತಿವಾದವನ್ನೂ ಬೇರ್ಪಡಿಸಿದ್ದ. ಸ್ವಾರ್ಥ ಮನುಷ್ಯನಷ್ಟೇ ಹಳೆಯದು. ವ್ಯಕ್ತಿವಾದವೆಂದರೆ ಮನೆಯವರು ಮತ್ತು ಆಪ್ತರ ಪುಟ್ಟ ವಲಯಕ್ಕೆ ಸರಿದು, ಉಳಿದ ಸಮಾಜವನ್ನು ಅದರ ಪಾಡಿಗೆ ಬಿಟ್ಟುಬಿಡುವ ಮನೋಭಾವ. ಅದು ಪ್ರಜಾಪ್ರಭುತ್ವದ ಜೊತೆ ಬೆಳೆಯುವಂಥದ್ದು ಎಂದು ಅವನು ಆತಂಕಪಟ್ಟಿದ್ದ. ಟಾಕ್ವಿಲ್‌ನನ್ನು ಮೆಚ್ಚಿ ಓದಿದ ಮಿಲ್ ಎತ್ತಿ ಹಿಡಿದದ್ದು ಈ ಎರಡನ್ನೂ ಅಲ್ಲ. ಒಬ್ಬೊಬ್ಬರಲ್ಲಿಯೂ ಬೇರೆಬೇರೆಯಾಗಿ ಅರಳಬೇಕಾದ ವ್ಯಕ್ತಿವೈಶಿಷ್ಟ್ಯ ಅವನ ಕಾಳಜಿ. ಟಿಪ್ಪಣಿಯ ಮೊದಲ ಪುಟದಲ್ಲಿ ಈ ಮೂರನ್ನೂ ಬೇರೆಬೇರೆ ಸಾಲಿನಲ್ಲಿ ಬರೆದುಕೊಳ್ಳಿ.

‘ಆನ್ ಲಿಬರ್ಟಿ’ ಪ್ರಕಟವಾದದ್ದು 1859ರಲ್ಲಿ. ಹಿಂದಿನ ನವೆಂಬರಿನಲ್ಲಿ ಮಿಲ್‌ನ ಹೆಂಡತಿ ಹ್ಯಾರಿಯೆಟ್ ಟೇಲರ್ ತೀರಿಕೊಂಡಿದ್ದಳು. ಪುಸ್ತಕ ಅವಳ ನೆನಪಿಗೆ ಅರ್ಪಿತ, ಇಬ್ಬರೂ ಕೂಡಿ ಸಾಲುಸಾಲಾಗಿ ತಿದ್ದಿದ ಬರಹ ಇದು ಎಂದು ಮಿಲ್ ಹೇಳಿಕೊಂಡಿದ್ದಾನೆ. ಐದು ಅಧ್ಯಾಯಗಳ ಸಣ್ಣ ಪುಸ್ತಕ. ಸಾರಾಂಶ ನೆಚ್ಚಿ ಕೂರಬೇಡಿ, ಮೂಲವನ್ನೇ ಓದಿ.

ಕೇಂದ್ರ ಮಾತು ಒಂದೇ. ಒಬ್ಬ ವ್ಯಕ್ತಿಯ ಮೇಲೆ, ಅವನ ಇಷ್ಟಕ್ಕೆ ವಿರುದ್ಧವಾಗಿ, ಸಮಾಜವಾಗಲಿ ಸರ್ಕಾರವಾಗಲಿ ಬಲ ಪ್ರಯೋಗಿಸಬೇಕಾದರೆ, ಇತರರಿಗೆ ಆಗುವ ಹಾನಿಯನ್ನು ತಡೆಯುವುದೇ ಅದಕ್ಕೆ ಕಾರಣವಾಗಿರಬೇಕು. ‘ನಿನ್ನ ಒಳ್ಳೆಯದಕ್ಕೇ’ ಎಂಬ ಕಾರಣ ಸಾಲದು. ಅವನ ಒಳಿತಿಗಾಗಿ ಬುದ್ಧಿ ಹೇಳಬಹುದು, ವಾದಿಸಬಹುದು, ಬೇಡಿಕೊಳ್ಳಬಹುದು. ಬಲವಂತ ಮಾತ್ರ ಕೂಡದು. ಇದನ್ನು ನಾವು ‘ಹಾನಿ ತತ್ತ್ವ’ ಎನ್ನುತ್ತೇವೆ. ಈ ವಾದವನ್ನು ಅವನು ನಿಸರ್ಗದತ್ತ ಹಕ್ಕುಗಳ ಮೇಲೆ ನಿಲ್ಲಿಸುವುದಿಲ್ಲ. ಉಪಯುಕ್ತತೆಯೇ, ಅಂದರೆ ಜನರ ಹಿತವನ್ನು ಹೆಚ್ಚಿಸುವುದೇ, ಅವನ ಅಡಿಪಾಯ, ಆದರೆ ಬೆಳೆಯುತ್ತ ಹೋಗುವ ಜೀವಿಯಾದ ಮನುಷ್ಯನ ಶಾಶ್ವತ ಹಿತಗಳನ್ನು ಒಳಗೊಂಡ ವಿಶಾಲ ಉಪಯುಕ್ತತೆ. ಅವನನ್ನು ನಿಸರ್ಗದತ್ತ ಹಕ್ಕುಗಳ ಪ್ರತಿಪಾದಕ ಲಾಕ್‌ನ ಪಕ್ಕದಲ್ಲಿ ಕೂರಿಸಿ ಬರೆದ ಉತ್ತರಗಳನ್ನು ನಾನು ಎಷ್ಟೋ ಬಾರಿ ನೋಡಿದ್ದೇನೆ, ಅದು ತಪ್ಪು.

ಕಷ್ಟ ಇರುವುದು ‘ಹಾನಿ’ ಎಂಬ ಪದದಲ್ಲಿ. ನನಗೆ ಇಷ್ಟವಾಗದ್ದನ್ನು ನೀವು ಮಾಡಿದರೆ ನನಗೆ ನೋವಾಗುತ್ತದೆ. ಆ ನೋವು ಹಾನಿಯೇ? ಅಲ್ಲ ಎನ್ನುತ್ತಾನೆ ಮಿಲ್. ಒಬ್ಬನಿಗೆ ತನ್ನ ನಂಬಿಕೆಯ ಮೇಲಿರುವ ಭಾವವೂ, ಆ ನಂಬಿಕೆಯಿಂದ ಮನನೊಂದ ಇನ್ನೊಬ್ಬನ ಭಾವವೂ ಒಂದೇ ತಕ್ಕಡಿಯಲ್ಲಿ ತೂಗುವಂಥವಲ್ಲ. ಹಣದ ಚೀಲವನ್ನು ಕದಿಯಬೇಕೆಂಬ ಕಳ್ಳನ ಆಸೆಯನ್ನೂ ಅದನ್ನು ಉಳಿಸಿಕೊಳ್ಳಬೇಕೆಂಬ ಒಡೆಯನ ಆಸೆಯನ್ನೂ ಸಮವೆಂದು ಯಾರೂ ತೂಗುವುದಿಲ್ಲವಲ್ಲ. ಇಡೀ ಪುಸ್ತಕದಲ್ಲಿ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ ಹೋಲಿಕೆ ಇದು.

ಅವನ ಉದಾಹರಣೆಗಳನ್ನು ಬಿಡದೆ ಕಲಿಯಿರಿ, ಗೆರೆ ಎಲ್ಲಿ ಬೀಳುತ್ತದೆ ಎಂಬುದು ಅಲ್ಲಿಯೇ ತಿಳಿಯುತ್ತದೆ. ಕುಡಿದದ್ದಕ್ಕಾಗಿ ಯಾರನ್ನೂ ಶಿಕ್ಷಿಸಬಾರದು. ಆದರೆ ಕರ್ತವ್ಯದ ಮೇಲಿದ್ದಾಗ ಕುಡಿದ ಪೊಲೀಸನನ್ನೋ ಸೈನಿಕನನ್ನೋ ಶಿಕ್ಷಿಸಬೇಕು. ದುಂದುಗಾರನೊಬ್ಬ ಹೆಂಡತಿ ಮಕ್ಕಳನ್ನು ಸಾಕಲಾಗದ ಸ್ಥಿತಿಗೆ ಬಂದರೆ, ಶಿಕ್ಷೆ ಮನೆಯವರ ಋಣ ತಪ್ಪಿಸಿದ್ದಕ್ಕೇ ಹೊರತು ದುಂದಿಗಲ್ಲ. ಧಾನ್ಯದ ವ್ಯಾಪಾರಿಗಳು ಬಡವರನ್ನು ಉಪವಾಸ ಕೆಡವುತ್ತಾರೆ ಎಂದು ಪತ್ರಿಕೆಯಲ್ಲಿ ಬರೆದರೆ ಯಾರೂ ತಡೆಯಕೂಡದು. ಅದೇ ಮಾತನ್ನು ವ್ಯಾಪಾರಿಯ ಮನೆ ಬಾಗಿಲಲ್ಲಿ ಕೆರಳಿ ನಿಂತ ಗುಂಪಿನ ಮುಂದೆ ಕೂಗಿ ಹೇಳಿದರೆ ಶಿಕ್ಷಿಸಬಹುದು. ಮಾತು ಅದೇ ಆದರೂ ಸಂದರ್ಭ ಅದನ್ನು ಕೃತ್ಯವಾಗಿಸಿದೆ.

ಇನ್ನೊಂದು, ಸೇತುವೆಯದು. ಕುಸಿಯಲಿರುವ ಸೇತುವೆಯ ಮೇಲೆ ಅರಿವಿಲ್ಲದೆ ಒಬ್ಬ ಕಾಲಿಡುತ್ತಿದ್ದಾನೆ, ಎಚ್ಚರಿಸಲು ಸಮಯವಿಲ್ಲ. ಅವನನ್ನು ಹಿಡಿದೆಳೆದರೆ ಸ್ವಾತಂತ್ರ್ಯಕ್ಕೆ ಭಂಗವಿಲ್ಲ, ಏಕೆಂದರೆ ಹೊಳೆಗೆ ಬೀಳುವುದು ಅವನ ಇಚ್ಛೆಯಲ್ಲ. ಅಪಾಯ ಖಚಿತವಲ್ಲದಿದ್ದರೆ, ಅದು ಗೊತ್ತಿದ್ದೂ ಹೋಗುತ್ತೇನೆ ಎನ್ನುವವನನ್ನು ಎಚ್ಚರಿಸಬಹುದು ಅಷ್ಟೇ. ಹೆಲ್ಮೆಟ್ ಕಡ್ಡಾಯವನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಸವಾರನಿಗೆ ಅಪಾಯ ಗೊತ್ತಿದೆ, ಹಾಗಾಗಿ ಮಿಲ್‌ನ ಕಟ್ಟುನಿಟ್ಟಿನ ಓದಿನಲ್ಲಿ ದಂಡ ಹಾಕುವಂತಿಲ್ಲ. ಮನೆಯವರ ಪಾಡು, ಸರ್ಕಾರಿ ಆಸ್ಪತ್ರೆಯ ಹೊರೆ ಎಂದು ವಾದಿಸಬಹುದು, ಆದರೆ ಆ ದಾರಿಯಲ್ಲಿ ನಡೆದರೆ ಬೀಡಿ, ಸಿಹಿತಿಂಡಿ, ಬೆಟ್ಟ ಹತ್ತುವುದು ಎಲ್ಲವೂ ‘ಇತರರಿಗೆ ಹಾನಿ’ಯಾಗಿಬಿಡುತ್ತವೆ. ಹೆಲ್ಮೆಟ್ ನಿಯಮ ಬೇಕೇ ಬೇಕು ಎನ್ನುವವರಲ್ಲಿ ನಾನೂ ಒಬ್ಬ. ಆದರೆ ಅದನ್ನು ಮಿಲ್‌ನ ಹೆಸರಿನಲ್ಲಿ ಸಮರ್ಥಿಸಲಾರೆ. ಇಲ್ಲಿ ಅವನ ತತ್ತ್ವವನ್ನು ಮೀರುತ್ತಿದ್ದೇವೆ ಎಂದು ಒಪ್ಪಿಕೊಂಡೇ ವಾದಿಸಬೇಕು.

ನಾಲ್ಕು ಜನ ಏನೆಂದಾರು?

ಸ್ವಾತಂತ್ರ್ಯಕ್ಕೆ ಶತ್ರು ಸರ್ಕಾರವೊಂದೇ ಎಂದು ಬರೆದು ಮುಗಿಸುವುದು ಎರಡನೆಯ ದೊಡ್ಡ ತಪ್ಪು. ಮಿಲ್ ಹೆಚ್ಚು ಹೆದರಿದ್ದು ಸಮಾಜಕ್ಕೆ. ದೊರೆಯ ದಂಡನೆಯಿಂದ ತಪ್ಪಿಸಿಕೊಳ್ಳಲು ಸಂದುಗಳಿರುತ್ತವೆ. ಜನಾಭಿಪ್ರಾಯದ ದಬ್ಬಾಳಿಕೆ ಬದುಕಿನ ಸಣ್ಣ ವಿವರಗಳೊಳಕ್ಕೂ ನುಗ್ಗಿ ಮನಸ್ಸನ್ನೇ ಸೆರೆ ಹಿಡಿಯುತ್ತದೆ ಎಂದು ಅವನ ವಾದ. ‘ನಾಲ್ಕು ಜನ ಏನೆಂದಾರು’ ಎಂಬ ಮಾತು ಕೇಳುತ್ತ ಬೆಳೆದ ನಮಗೆ ಇದಕ್ಕೆ ವ್ಯಾಖ್ಯಾನ ಬೇಕಿಲ್ಲ. ಯಾವ ಕೋರ್ಸು, ಯಾವ ಕೆಲಸ, ಯಾರೊಂದಿಗೆ ಮದುವೆ ಎಂಬುದನ್ನೆಲ್ಲ ಆ ನಾಲ್ಕು ಜನ ನಿರ್ಧರಿಸುವುದಕ್ಕೆ ಯಾವ ಕಾನೂನಿನ ಬೆಂಬಲವೂ ಇಲ್ಲ, ಆದರೂ ನಡೆಯುತ್ತದೆ. ಮೂರನೆಯ ಅಧ್ಯಾಯದಲ್ಲಿ ಮಿಲ್ ಹೇಳುವಂತೆ, ತನ್ನ ಬಾಳಿನ ದಾರಿಯನ್ನು ಲೋಕವೇ ಆರಿಸಲಿ ಎಂದು ಬಿಟ್ಟವನಿಗೆ ಕೋತಿಯಂತೆ ಅನುಕರಿಸುವ ಶಕ್ತಿಯೊಂದಿದ್ದರೆ ಸಾಕು. ಮನುಷ್ಯಸ್ವಭಾವ ಅಚ್ಚಿಗೆ ತಕ್ಕಂತೆ ಕಟ್ಟುವ ಯಂತ್ರವಲ್ಲ, ತನ್ನೊಳಗಿನ ಶಕ್ತಿಗಳ ಒಲವಿನಂತೆ ಎಲ್ಲ ಕಡೆಗೂ ಚಾಚಿಕೊಳ್ಳಬೇಕಾದ ಮರ ಎಂಬ ಹೋಲಿಕೆ ಇರುವುದೂ ಇಲ್ಲಿಯೇ. ಈ ಮರವನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಮತ್ತೆ ಬೇಕಾಗುತ್ತದೆ.

ವಿರೋಧ ಮತ್ತು ಭಾರತ

ಮಿಲ್ ವಿರುದ್ಧ ಅವನ ಜೀವಿತಕಾಲದಲ್ಲೇ ಎದ್ದ ಬಲವಾದ ದನಿ ಜೇಮ್ಸ್ ಫಿಟ್ಜ್‌ಜೇಮ್ಸ್ ಸ್ಟೀಫನ್‌ನದು. ಅವನು 1869ರಿಂದ 1872ರವರೆಗೆ ವೈಸರಾಯ್ ಸಭೆಯ ಕಾನೂನು ಸದಸ್ಯ. 1872ರ ಸಾಕ್ಷ್ಯ ಅಧಿನಿಯಮ ಅವನೇ ರಚಿಸಿದ್ದು. ದಂಡ ಸಂಹಿತೆಗೆ ದೇಶದ್ರೋಹದ ಕಲಮು ಸೇರಿದ್ದೂ ಅವನ ಕಾಲದಲ್ಲಿ, 1870ರಲ್ಲಿ. ಭಾರತದಿಂದ ಮರಳುವ ಹಡಗಿನಲ್ಲಿ ಬರೆಯತೊಡಗಿದ ಲೇಖನಗಳು 1873ರಲ್ಲಿ ಪುಸ್ತಕವಾದವು. ಸಮಾಜವನ್ನು ಹಿಡಿದಿಟ್ಟಿರುವುದು ಬಲ ಮತ್ತು ನೈತಿಕತೆ, ಘೋರ ದುರಾಚಾರವನ್ನು ಕಾನೂನು ಶಿಕ್ಷಿಸಲೇಬೇಕು ಎಂಬುದು ಅವನ ವಾದ.

ಮಿಲ್‌ನ ಪುಸ್ತಕದಲ್ಲಿ ಭಾರತೀಯ ಓದುಗರು ಕಣ್ಣು ಮುಚ್ಚಿ ದಾಟಬಾರದ ಜಾಗವೊಂದಿದೆ. ಮಕ್ಕಳಿಗೆ ಈ ತತ್ತ್ವ ಅನ್ವಯಿಸುವುದಿಲ್ಲ ಎನ್ನುವ ಅವನು, ‘ಹಿಂದುಳಿದ’ ಸಮಾಜಗಳನ್ನೂ ಅದೇ ಸಾಲಿಗೆ ಸೇರಿಸುತ್ತಾನೆ. ಅನಾಗರಿಕರ ಸುಧಾರಣೆಯೇ ಗುರಿಯಾಗಿದ್ದರೆ ನಿರಂಕುಶ ಆಳ್ವಿಕೆ ನ್ಯಾಯಸಮ್ಮತ ಎನ್ನುತ್ತಾನೆ. ಇದನ್ನು ಬರೆದವನು 1823ರಿಂದ 1858ರವರೆಗೆ ಈಸ್ಟ್ ಇಂಡಿಯಾ ಕಂಪನಿಯ ಲಂಡನ್ ಕಚೇರಿಯಲ್ಲಿ ದುಡಿದವನು. ಆ ಕಾಲವೇ ಹಾಗಿತ್ತು ಎಂದು ಇದನ್ನು ಮನ್ನಿಸಲು ನನಗೆ ಮನಸ್ಸಿಲ್ಲ. ‘ನಿನ್ನ ಒಳ್ಳೆಯದಕ್ಕೇ’ ಎಂಬ ವಾದವನ್ನು ಲಂಡನ್ನಿನ ಒಬ್ಬ ಕುಡುಕನ ವಿಷಯದಲ್ಲಿ ಒಪ್ಪದವನು ಒಂದು ಉಪಖಂಡದ ವಿಷಯದಲ್ಲಿ ಒಪ್ಪಿಕೊಂಡ.

ಅವನು ಹೊರಗಿಟ್ಟ ದೇಶದಲ್ಲಿಯೇ, 1948ರ ನವೆಂಬರ್ 4ರಂದು, ಅಂಬೇಡ್ಕರ್ ಸಂವಿಧಾನ ಸಭೆಯಲ್ಲಿ ಕರಡನ್ನು ಮಂಡಿಸುತ್ತ, ಈ ಕರಡು ಹಳ್ಳಿಯನ್ನು ಕೈಬಿಟ್ಟು ವ್ಯಕ್ತಿಯನ್ನು ಘಟಕವಾಗಿ ಸ್ವೀಕರಿಸಿದ್ದು ಸಂತೋಷ ತಂದಿದೆ ಎಂದರು. ಹಳ್ಳಿಯೆಂದರೆ ಏನು ಎಂಬುದು ಜಾತಿಯ ಕಟ್ಟಿನಲ್ಲಿ ಬೆಳೆದ ಅವರಿಗೆ ಗೊತ್ತಿತ್ತು. ಅದೇ ಭಾಷಣದಲ್ಲಿ ಸಾಂವಿಧಾನಿಕ ನೈತಿಕತೆಯ, ಅಂದರೆ ಸಂವಿಧಾನದ ಮೌಲ್ಯಗಳಿಗೆ ಬದ್ಧವಾಗಿ ನಡೆಯುವುದರ, ಬಗ್ಗೆ ಅವರು ಉದ್ಧರಿಸಿದ್ದು ಇತಿಹಾಸಕಾರ ಗ್ರೋಟ್‌ನನ್ನು. ಗ್ರೋಟ್ ಮಿಲ್‌ನ ಸ್ನೇಹವಲಯದವನು. ನಮ್ಮ ಸಂವಿಧಾನದ ಪೀಠಿಕೆಯನ್ನು ಇನ್ನೊಮ್ಮೆ ಓದಿ: ವ್ಯಕ್ತಿಯ ಗೌರವದ ಪ್ರಸ್ತಾಪ ಬರುವುದು ಭ್ರಾತೃತ್ವದ ಸಾಲಿನಲ್ಲಿ, ಸ್ವಾತಂತ್ರ್ಯದ ಸಾಲಿನಲ್ಲಲ್ಲ. ಟಾಕ್ವಿಲ್‌ನ ಆತಂಕಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಸಿಕ್ಕಿಲ್ಲ.

ನ್ಯಾಯಾಲಯದ ಕಥೆ ಚುಟುಕಾಗಿ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ ಆಧಾರ್ ಪ್ರಶ್ನಿಸಿ ಹೂಡಿದ ಪ್ರಕರಣದಲ್ಲಿ, 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿತು. ಮರುವರ್ಷ ಸೆಪ್ಟೆಂಬರ್ 6ರಂದು ಅದೇ ಕೋರ್ಟು ದಂಡ ಸಂಹಿತೆಯ 377ನೇ ಕಲಮಿನ ಬಗ್ಗೆ ಕೊಟ್ಟ ತೀರ್ಪು ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧವನ್ನು ಅಪರಾಧದ ಪಟ್ಟಿಯಿಂದ ತೆಗೆಯಿತು. ಸ್ಟೀಫನ್ ವಾದಿಸಿದ ಸಾಮಾಜಿಕ ನೈತಿಕತೆಗಿಂತ ಸಾಂವಿಧಾನಿಕ ನೈತಿಕತೆ ಮೇಲು ಎಂಬುದು ಅದರ ತಿರುಳು.

ಬಿಡುಗಡೆಯೋ ಸ್ವಾತಂತ್ರ್ಯವೋ

ತತ್ತ್ವಚಿಂತಕ ಐಸಾಯಾ ಬರ್ಲಿನ್ 1958ರ ಆಕ್ಸ್‌ಫರ್ಡ್ ಉಪನ್ಯಾಸದಲ್ಲಿ ಮಾಡಿದ ವಿಂಗಡಣೆಯನ್ನು ಅರ್ಥ ಮಾಡಿಕೊಳ್ಳಲು ಕನ್ನಡವೇ ನೆರವಾಗುತ್ತದೆ. ತಡೆಯಿಲ್ಲದಿರುವುದು ನಕಾರಾತ್ಮಕ ಸ್ವಾತಂತ್ರ್ಯ: ನಮ್ಮ ‘ಬಿಡುಗಡೆ’. ತನ್ನ ಬಾಳಿಗೆ ತಾನೇ ಒಡೆಯನಾಗಿರುವುದು ಸಕಾರಾತ್ಮಕ ಸ್ವಾತಂತ್ರ್ಯ: ‘ಸ್ವ’ ಮತ್ತು ‘ತಂತ್ರ’ ಕೂಡಿದ ಪದ ಹೇಳುವುದೂ ಅದನ್ನೇ. ‘ನಿನ್ನ ನಿಜವಾದ ಇಚ್ಛೆ ನನಗೆ ಗೊತ್ತು’ ಎಂದು ಹೇಳುವ ಆಳರಸರು ಎರಡನೆಯದನ್ನು ದುರುಪಯೋಗಪಡಿಸಬಲ್ಲರು ಎಂದು ಬರ್ಲಿನ್ ಎಚ್ಚರಿಸಿದ.

ಹಾಗೆಂದು ಎರಡನೆಯದನ್ನು ಬಿಟ್ಟುಬಿಡಲೂ ಆಗುವುದಿಲ್ಲ. ಮದುವೆಯ ನಂತರ ‘ನಾನೇ ಇಷ್ಟಪಟ್ಟು ಕೆಲಸ ಬಿಟ್ಟೆ’ ಎನ್ನುವ ಹೆಣ್ಣಿನ ಮಾತನ್ನು ಹೇಗೆ ಓದುವುದು? ಅವಳನ್ನು ಯಾರೂ ತಡೆದಿಲ್ಲ. ಅವಳ ಮಾತನ್ನು ನಂಬದೆ ‘ನಿನಗೆ ಗೊತ್ತಿಲ್ಲ’ ಎನ್ನುವುದು ಅವಮಾನ. ಹುಟ್ಟಿದಂದಿನಿಂದ ಆ ಇಷ್ಟವನ್ನು ರೂಪಿಸಿದ ಕೈಗಳನ್ನು ಕಾಣದಂತೆ ಇರುವುದೂ ಕಷ್ಟ. 1869ರಲ್ಲಿ ಸ್ತ್ರೀಯರ ಅಧೀನತೆಯ ಬಗ್ಗೆ ಬರೆದ ಪುಸ್ತಕದಲ್ಲಿ ಮಿಲ್ ಆ ಮರಕ್ಕೆ ಮರಳುತ್ತಾನೆ. ಹೆಣ್ಣಿನ ಸ್ವಭಾವ ಎಂದು ಗಂಡಸರು ಕರೆಯುವುದು ಒಂದು ಕಡೆ ಅದುಮಿ, ಇನ್ನೊಂದು ಕಡೆ ಒತ್ತಾಯದಿಂದ ಬೆಳೆಸಿದ್ದರ ಫಲ. ಮರದ ಅರ್ಧವನ್ನು ಬಿಸಿ ಹಬೆಯಲ್ಲಿಯೂ ಅರ್ಧವನ್ನು ಹಿಮದಲ್ಲಿಯೂ ಇಟ್ಟು ಬೆಳೆಸಿದವರು, ಮರ ತಾನಾಗಿಯೇ ಹಾಗೆ ಬೆಳೆಯಿತು ಎಂದು ನಂಬಿದ್ದಾರೆ, ಹಾಗೆ ಇಡದಿದ್ದರೆ ಅದು ಸಾಯುತ್ತದೆ ಎಂದೂ ನಂಬಿದ್ದಾರೆ ಎನ್ನುತ್ತಾನೆ.