ಏಡ್ ಅಂಡ್ ಅಟೆಂಡೆನ್ಸ್: ಹೆಸರು ಪಿಂಚಣಿ, ಲೆಕ್ಕ ಬೇರೆ

ಅಂಗಿಯ ಗುಂಡಿ ಹಾಕಿಕೊಳ್ಳಲು ಬೆರಳು ಬಗ್ಗುವುದಿಲ್ಲ. ಸ್ನಾನಕ್ಕೆ ಹೋದರೆ ಯಾರಾದರೂ ಹಿಡಿದುಕೊಂಡಿರಬೇಕು. ಅಮೆರಿಕದಲ್ಲಿ ಇಂಥ ಸ್ಥಿತಿಗೆ ಬಂದ ಮಾಜಿ ಸೈನಿಕರಿಗೆ, ಅವರು ತೀರಿಕೊಂಡಿದ್ದರೆ ಅವರ ಹೆಂಡತಿ ಅಥವಾ ಗಂಡನಿಗೆ, ಪಿಂಚಣಿ ಜೊತೆ ಸೇರಿಸಿ ಕೊಡುವ ಹಣಕ್ಕೆ ‘ಏಡ್ ಅಂಡ್ ಅಟೆಂಡೆನ್ಸ್’ ಅಂತ ಹೆಸರು. ಕೊಡುವುದು ಮಾಜಿ ಸೈನಿಕರ ಇಲಾಖೆ. ಎಲ್ಲರ ಬಾಯಲ್ಲೂ ಅದು ವಿಎ.

ನಮಗೆ ಗೊಂದಲ ಆಗುವುದು ‘ಪಿಂಚಣಿ’ ಅನ್ನುವಲ್ಲೇ. ನಮ್ಮೂರಿನ ನಿವೃತ್ತ ಹವಾಲ್ದಾರರ ಪಿಂಚಣಿ ದುಡಿದ ವರ್ಷಗಳಿಗೆ ಬರುವಂಥದ್ದು. ಹತ್ತು ಎಕರೆ ತೋಟ ಇದ್ದರೂ ಬರುತ್ತದೆ. ವಿಎ ಪಿಂಚಣಿ ಹಾಗಲ್ಲ, ಅದು ಕೈಯಲ್ಲಿ ಕಾಸು ಸಾಲದವರಿಗೆ. ಆದಾಯ, ಆಸ್ತಿ ಎರಡನ್ನೂ ನೋಡುತ್ತಾರೆ. 2025ರಲ್ಲಿ ಎರಡೂ ಸೇರಿ 1,59,240 ಡಾಲರ್ ದಾಟುವಂತಿರಲಿಲ್ಲ. ವಾಸದ ಮನೆ ಇದರಲ್ಲಿ ಸೇರುವುದಿಲ್ಲ. ಮಿತಿಯೊಳಗೆ ಬರಲೆಂದು ದುಡ್ಡನ್ನು ಮಕ್ಕಳ ಹೆಸರಿಗೆ ಮಾಡಿದರೆ ಹಿಂದಿನ ಮೂರು ವರ್ಷದ ಲೆಕ್ಕ ಕೆದಕುತ್ತಾರೆ.

ಯುದ್ಧಕಾಲದಲ್ಲಿ ಸೇವೆಯಲ್ಲಿದ್ದಿರಬೇಕು, ಆದರೆ ಗುಂಡು ಹಾರಿಸಿರಬೇಕು ಅಂತೇನಿಲ್ಲ. ಹಳಬರಿಗೆ 90 ದಿನ ಸೇವೆ, ಅದರಲ್ಲಿ ಒಂದು ದಿನ ಯುದ್ಧಕಾಲದ್ದಾದರೆ ಸಾಕು. 1980ರ ಸೆಪ್ಟೆಂಬರ್ ನಂತರ ಸೇರಿದವರಿಗೆ ಸಾಮಾನ್ಯವಾಗಿ ಎರಡು ವರ್ಷ. ವಿಎ ಲೆಕ್ಕದಲ್ಲಿ ಕೊರಿಯಾ ಯುದ್ಧದ ಅವಧಿ 1950ರ ಜೂನ್ 27ರಿಂದ 1955ರ ಜನವರಿ 31ರವರೆಗೆ. ಆಗ ಟೆಕ್ಸಸ್‌ನ ಯಾವುದೋ ಉಗ್ರಾಣದಲ್ಲಿ ಸುಮ್ನೆ ಬೂಟು ಎಣಿಸಿಕೊಂಡಿದ್ದವರೂ ಇದಕ್ಕೆ ಬರುತ್ತಾರೆ. ಸಂಗಾತಿಗೆ ಸಿಗಬೇಕಾದರೆ, ಸಾಮಾನ್ಯವಾಗಿ ಮರುಮದುವೆ ಆಗಿರಬಾರದು.

‘ನಮಗೆ ಆದಾಯ ಜಾಸ್ತಿ, ಎಲ್ಲಿ ಸಿಗುತ್ತೆ’ ಅಂತ ಅರ್ಜಿಯನ್ನೇ ಹಾಕದವರು ಈ ಲೆಕ್ಕ ನೋಡಬೇಕು. ಸೈನಿಕರೊಬ್ಬರ ವಿಧವೆಗೆ ಸೋಶಿಯಲ್ ಸೆಕ್ಯುರಿಟಿ ಅನ್ನುವ ಅಲ್ಲಿನ ಸರ್ಕಾರಿ ಪಿಂಚಣಿಯಿಂದ ತಿಂಗಳಿಗೆ 1,500 ಡಾಲರ್, ಅಂದರೆ ವರ್ಷಕ್ಕೆ 18,000 ಬರುತ್ತದೆ ಅಂತಿಟ್ಟುಕೊಳ್ಳಿ. ಮನೆಗೆ ಬಂದು ನೋಡಿಕೊಳ್ಳುವ ಹೆಂಗಸಿಗೆ ತಿಂಗಳಿಗೆ 1,400, ವರ್ಷಕ್ಕೆ 16,800. ಈ ಖರ್ಚಿನಲ್ಲಿ ಮೊದಲ ಐನೂರು ಚಿಲ್ಲರೆ ಡಾಲರ್ ಬಿಟ್ಟು ಮಿಕ್ಕಿದ್ದನ್ನೆಲ್ಲ ಆದಾಯದಿಂದ ಕಳೆಯುತ್ತಾರೆ. ಆಗ ಅವರ ಆದಾಯ ಸುಮಾರು 1,800 ಡಾಲರ್ ಅಷ್ಟೇ. ಏಡ್ ಅಂಡ್ ಅಟೆಂಡೆನ್ಸ್ ಸಿಗುವ ಒಂಟಿ ಸಂಗಾತಿಗೆ 2025ರಲ್ಲಿ ಆದಾಯದ ಮಿತಿ ವರ್ಷಕ್ಕೆ 18,187 ಇತ್ತು. ವ್ಯತ್ಯಾಸವನ್ನು ವಿಎ ತುಂಬಿಕೊಡುತ್ತದೆ. ತಿಂಗಳಿಗೆ ಹೆಚ್ಚುಕಮ್ಮಿ 1,370 ಡಾಲರ್, ತೆರಿಗೆ ಇಲ್ಲ. ನೋಡಿಕೊಳ್ಳುವವರ ಸಂಬಳ ಬಹುಪಾಲು ಇದರಲ್ಲೇ ಹೋಯಿತು, ಅಲ್ವಾ?

ನಮ್ಮ ಸೇನೆಯಲ್ಲೂ ಹೆಸರು ಕೇಳಿದರೆ ಇದರ ತಮ್ಮನಂತಿರುವ ‘ಕಾನ್ಸ್ಟಂಟ್ ಅಟೆಂಡೆನ್ಸ್ ಅಲೋಯನ್ಸ್’ ಇದೆ. ಆದರೆ ಅದು ನೂರಕ್ಕೆ ನೂರು ಅಂಗವೈಕಲ್ಯ ಇರುವ ಪಿಂಚಣಿದಾರರಿಗೆ, ಬರೀ ವಯಸ್ಸಾಯಿತು ಅಂತ ಸಿಗುವುದಿಲ್ಲ.

ವಿಎ ಅರ್ಜಿಯ ಜೊತೆ ಡಾಕ್ಟರು ತುಂಬಿಕೊಡುವ 21-2680 ಅನ್ನುವ ಫಾರಂ ಇರಬೇಕು. ತಾವೇ ಊಟ ಮಾಡುತ್ತಾರಾ, ಸ್ನಾನಕ್ಕೆ ಸಹಾಯ ಬೇಕಾ, ರಾತ್ರಿ 9ರಿಂದ ಬೆಳಿಗ್ಗೆ 9ರವರೆಗೆ ಎಷ್ಟು ಗಂಟೆ ಹಾಸಿಗೆಯಲ್ಲಿರುತ್ತಾರೆ, ಹೀಗೆ ಕೇಳುತ್ತದೆ. ಡಾಕ್ಟರ ಮುಂದೆ ಮಾತ್ರ ಅಜ್ಜ ಎದೆಯುಬ್ಬಿಸಿ ‘ಎಲ್ಲಾ ನಾನೇ ಮಾಡ್ಕೋತೀನಿ’ ಅಂದುಬಿಡುತ್ತಾರೆ. ಆವತ್ತು ಗುಂಡಿ ಹಾಕಿ ಕರೆದುಕೊಂಡು ಬಂದ ಮಗಳು ಪಕ್ಕದಲ್ಲೇ ಕೂತಿರುವುದು ಒಳ್ಳೆಯದು.