ರೂಪಾಯಿಗೆ ಅರ್ಧ ಪೈಸೆ ಕೊಟ್ಟರೆ ಕಲಬುರಗಿಗೆ ಬಸ್ಸು ಹೆಚ್ಚಾಗುತ್ತವೆಯೇ?

ಪ್ರಶ್ನೆ: ಅಮೆರಿಕದಲ್ಲಿ ಒಂದೊಂದು ಜಿಲ್ಲೆಯವರೇ ಅಂಗಡಿ ಖರೀದಿಯ ಮೇಲೆ ಸಣ್ಣ ತೆರಿಗೆ ಹಾಕಿಕೊಂಡು ಬಸ್ಸು, ರೈಲು ಓಡಿಸುತ್ತಾರಂತೆ. ಕಲಬುರಗಿ, ಬೀದರ್, ಯಾದಗಿರಿಯಲ್ಲಿ ನಾವೂ ಹಾಗೆ ಮಾಡಲು ಬರುವುದಿಲ್ಲವೇ?

ಬರುವುದಿಲ್ಲ. ಇವತ್ತಿನ ಕಾನೂನಿನಲ್ಲಿ ಪಾಲಿಕೆಗಾಗಲಿ, ಜಿಲ್ಲಾ ಪಂಚಾಯಿತಿಗಾಗಲಿ, ರಾಜ್ಯ ಸರ್ಕಾರಕ್ಕೇ ಆಗಲಿ ಆ ಅಧಿಕಾರ ಇಲ್ಲ. ಆದರೆ ಈ ಪ್ರಶ್ನೆ ಕೇಳಿದವರನ್ನು ಇಷ್ಟು ಹೇಳಿ ಕಳಿಸಿಬಿಡಲು ನನಗೆ ಮನಸ್ಸಿಲ್ಲ. ಸಂಜೆ ಆರೂವರೆಗೆ ಕಲಬುರಗಿಯ ಸೂಪರ್ ಮಾರ್ಕೆಟ್ ಬಸ್ ನಿಲ್ದಾಣದಲ್ಲಿ ಹತ್ತು ನಿಮಿಷ ನಿಂತು ನೋಡಿ. ಪುಂಡಿಪಲ್ಯದ ಚೀಲ ಕಾಲ ಸಂದಿಯಲ್ಲಿ ಇಟ್ಟುಕೊಂಡವರು, ಕಾಲೇಜಿನ ಬ್ಯಾಗು ಎದೆಗೆ ಅವಚಿಕೊಂಡ ಹುಡುಗಿಯರು, ದವಾಖಾನೆಯ ಚೀಟಿ ಕೈಯಲ್ಲಿ ಹಿಡಿದ ಮುದುಕರು ಎಲ್ಲರದೂ ಒಂದೇ ಮಾತು: ‘ಬಸ್ ಹೋಗ್ಯಾದೇನ್ರಿ, ಬರೋದದೇನ್ರಿ?’ ಆ ಮಾತು ಕೇಳಿದವರಿಗೆ ಈ ಪ್ರಶ್ನೆ ಎಲ್ಲಿಂದ ಹುಟ್ಟಿತು ಎಂದು ಬೇರೆ ಹೇಳಬೇಕಾಗಿಲ್ಲ.

ಮೊದಲು ಅಮೆರಿಕದ ಸಂಗತಿ ನೋಡೋಣ. ಅಲ್ಲಿ ಕೌಂಟಿ ಎಂದರೆ ಸ್ವಂತ ಬೊಕ್ಕಸವಿರುವ ಜಿಲ್ಲೆ ಎಂದುಕೊಳ್ಳಿ. ಜಾರ್ಜಿಯಾ ರಾಜ್ಯದ ಅಟ್ಲಾಂಟಾ ನಗರದ ದಕ್ಷಿಣಕ್ಕೆ ಕ್ಲೇಟನ್ ಕೌಂಟಿ ಇದೆ. ದೊಡ್ಡ ವಿಮಾನ ನಿಲ್ದಾಣ ಅದರ ಮಡಿಲಲ್ಲೇ ಇದ್ದರೂ ಜನ ಹೆಚ್ಚಾಗಿ ದುಡಿದು ತಿನ್ನುವವರು. ಅಟ್ಲಾಂಟಾದ ಮಾರ್ಟಾ ಸಾರಿಗೆ ಸಂಸ್ಥೆಗೆ ಶೇ 1 ಮಾರಾಟ ತೆರಿಗೆ ಕೊಡಬೇಕೇ ಎಂದು 1971ರಲ್ಲಿ ಸುತ್ತಲಿನ ಕೌಂಟಿಗಳಲ್ಲಿ ಮತ ಹಾಕಿಸಿದರು. ಫುಲ್ಟನ್, ಡಿಕಾಬ್ ಕೌಂಟಿಗಳು ಒಪ್ಪಿದವು, ಕ್ಲೇಟನ್ ಒಪ್ಪಲಿಲ್ಲ. ಮುಂದೆ 2001ರಲ್ಲಿ ಕ್ಲೇಟನ್ ತನ್ನದೇ ಸಣ್ಣ ಬಸ್ ಸೇವೆ ಶುರು ಮಾಡಿತು. 2010ರ ಮಾರ್ಚ್ ಕೊನೆಗೆ ದುಡ್ಡಿಲ್ಲವೆಂದು ಅದನ್ನು ಪೂರ್ತಿ ನಿಲ್ಲಿಸಿತು. ಸುಮಾರು ಐದು ವರ್ಷ ಅಲ್ಲಿ ಒಂದು ಸ್ಥಳೀಯ ಬಸ್ಸೂ ಓಡಲಿಲ್ಲ. 2014ರ ನವೆಂಬರ್‌ನಲ್ಲಿ ಅದೇ ಶೇ 1 ತೆರಿಗೆ ಮತ್ತೆ ಮತಕ್ಕೆ ಬಂದಾಗ ಬಹುತೇಕರು ಹೌದು ಅಂದರು. 2015ರ ಮಾರ್ಚ್‌ನಲ್ಲಿ ಬಸ್ಸು ಮರಳಿ ಬಂತು.

ನಾನು ಈ ಕಥೆಯನ್ನು ಮತ್ತೆ ಮತ್ತೆ ನೆನೆಯುತ್ತೇನೆ. ಬಸ್ಸಿಲ್ಲದ ನಾಲ್ಕೂವರೆ ವರ್ಷ ಕಂಡವರು ತೆರಿಗೆಗೆ ತಾವೇ ಕೈ ಎತ್ತಿದರು. ಅಟ್ಲಾಂಟಾ ಸುತ್ತಲಿನದೇ ಆದ ಗ್ವಿನೆಟ್ ಕೌಂಟಿ ಮಾತ್ರ 1971, 1990, 2019, 2020, 2024 ಹೀಗೆ ಐದು ಸಲವೂ ಬೇಡ ಅಂದಿದೆ. ಕ್ಲೇಟನ್‌ನವರಿಗೂ ಎಲ್ಲ ಸಿಗಲಿಲ್ಲ. ತೆರಿಗೆಯ ಅರ್ಧ ಭಾಗ ರೈಲಿನಂಥ ದೊಡ್ಡ ಸೇವೆಗೆ ಎಂದು ಎತ್ತಿಟ್ಟಿದ್ದರು. ಆಮೇಲೆ ರೈಲು ಕೈಬಿಟ್ಟು, ಪ್ರತ್ಯೇಕ ಪಥದಲ್ಲಿ ಓಡುವ ಬಸ್ಸಿಗೆ ಇಳಿದರು. ಮತ ಹಾಕಿಸುವಾಗ ಹೇಳಿದ್ದು ಕೊನೆಗೆ ಹಾಗೆಯೇ ಆಗುತ್ತದೆಂದು ಅಲ್ಲಿಯೂ ಗ್ಯಾರಂಟಿ ಇಲ್ಲ.

ಲಾಸ್ ಏಂಜಲೀಸ್ ಕೌಂಟಿಯಲ್ಲಿ 1980, 1990, 2008, 2016ರಲ್ಲಿ ಒಂದೊಂದು ಸಲ ಅರ್ಧರ್ಧ ಶೇಕಡಾ ಕೂಡಿಸುತ್ತ ಬಂದಿದ್ದಾರೆ. ಅಂದರೆ ರೂಪಾಯಿ ಲೆಕ್ಕದಲ್ಲಿ ಪ್ರತಿ ಸಲ ಅರ್ಧ ಪೈಸೆ. ಕೊನೆಯ ಎರಡಕ್ಕೂ ಮೂರರಲ್ಲಿ ಎರಡು ಪಾಲು ಮತ ಬೇಕಿತ್ತು, ಬಿತ್ತು. ಯಾವ ಮಾರ್ಗ, ಯಾವ ಊರು, ಎಷ್ಟು ಹಣ ಎಂಬ ಪಟ್ಟಿ ಮತಕ್ಕೆ ಮೊದಲೇ ಜನರ ಮುಂದಿತ್ತು.

ಇನ್ನು ನಮ್ಮಲ್ಲಿ ಯಾಕೆ ಆಗುವುದಿಲ್ಲ? ಊರಿನವರೇ ಸರಕಿನ ಮೇಲೆ ತೆರಿಗೆ ಎತ್ತುವುದು ನಮಗೆ ಹೊಸದಲ್ಲ. ಜಕಾತಿ ನಾಕಾ ಕಂಡ ಹಿರಿಯರು ಇನ್ನೂ ಇದ್ದಾರೆ. ಊರೊಳಗೆ ಬರುವ ಗಾಡಿ ತಡೆದು ಪುರಸಭೆ ಆಕ್ಟ್ರಾಯ್ ವಸೂಲು ಮಾಡುತ್ತಿತ್ತು. ಕರ್ನಾಟಕದಲ್ಲಿ ಅದು 1979ರಲ್ಲಿ ರದ್ದಾಯಿತು, ಅದರ ಬದಲು ರಾಜ್ಯವೇ ಪ್ರವೇಶ ತೆರಿಗೆ ಎತ್ತತೊಡಗಿತು. 2005ರಲ್ಲಿ ವ್ಯಾಟ್ ಬಂತು. 2017ರ ಜುಲೈ 1ರಂದು ಜಿಎಸ್‌ಟಿ ಬಂದು ಪ್ರವೇಶ ತೆರಿಗೆಯನ್ನೂ ವ್ಯಾಟ್‌ನ ಬಹುಪಾಲನ್ನೂ ನುಂಗಿತು. ಸಂವಿಧಾನದ 101ನೇ ತಿದ್ದುಪಡಿ ಜಿಎಸ್‌ಟಿ ವಿಧಿಸುವ ಅಧಿಕಾರವನ್ನು ಸಂಸತ್ತಿಗೂ ವಿಧಾನಸಭೆಗಳಿಗೂ ಕೊಟ್ಟಿತು, ಪಾಲಿಕೆಗಳಿಗೆ ಕೊಡಲಿಲ್ಲ. ವಿಧಾನಸಭೆಯೂ ತನ್ನಿಷ್ಟಕ್ಕೆ ಬಸ್ಸಿಗೆಂದು ಅರ್ಧ ಶೇಕಡಾ ಸೇರಿಸುವಂತಿಲ್ಲ. ನೈಸರ್ಗಿಕ ವಿಕೋಪದ ಹೊತ್ತಿನಲ್ಲಿ, ಗೊತ್ತುಪಡಿಸಿದ ಅವಧಿಗೆ, ಜಿಎಸ್‌ಟಿ ಮಂಡಳಿಯ ಶಿಫಾರಸಿನ ಮೇಲೆ ಮಾತ್ರ ವಿಶೇಷ ದರಕ್ಕೆ ದಾರಿ ಇದೆ. ಪ್ರವಾಹದ ನಂತರ ಕೇರಳ 2019ರ ಆಗಸ್ಟ್‌ನಿಂದ 2021ರ ಜುಲೈವರೆಗೆ ಶೇ 1 ಸೆಸ್ ಎತ್ತಿದ್ದು ಹೀಗೆಯೇ. ಬಸ್ಸಿಲ್ಲದಿರುವುದು ಹಳ್ಳಿಯವರಿಗೆ ವಿಕೋಪವೇ, ಆದರೆ ಆ ವಿಧಿಯ ಲೆಕ್ಕದಲ್ಲಿ ಅಲ್ಲ.

ಕಾನೂನು ಬಿಟ್ಟರೂ, ಖರೀದಿ ತೆರಿಗೆ ನಮ್ಮ ಭಾಗಕ್ಕೆ ಒಗ್ಗುವುದಿಲ್ಲ ಎಂಬುದೇ ನನ್ನ ಅಭಿಪ್ರಾಯ. ತಿಂಗಳಿಗೆ 15,000 ದುಡಿಯುವ ಮನೆ ಅಷ್ಟನ್ನೂ ಖರ್ಚು ಮಾಡುತ್ತದೆ. ಎಲ್ಲಕ್ಕೂ ಅರ್ಧ ಶೇಕಡಾ ಬಿದ್ದರೆ 75 ರೂಪಾಯಿ. ಒಂದೂವರೆ ಲಕ್ಷ ಬರುವ ಮನೆ ಅರ್ಧ ಉಳಿಸಿ ಅರ್ಧ ಖರ್ಚು ಮಾಡಿದರೆ 375. ಮೊತ್ತ ದೊಡ್ಡದಾಗಿ ಕಂಡರೂ ಗಳಿಕೆಯ ಪಾಲಿನಲ್ಲಿ ಬಡವರದೇ ಇಮ್ಮಡಿ. ಚೀಲದಿಂದ ಅಳೆದು ಕೊಡುವ ತೊಗರಿಬೇಳೆಗೆ ಈಗ ಜಿಎಸ್‌ಟಿ ಇಲ್ಲ ಎಂಬ ನೆಮ್ಮದಿಯನ್ನು ನಾವೇ ಕೆಡಿಸಿಕೊಳ್ಳಬಾರದು. ಜೊತೆಗೆ ಗಡಿಯ ತೊಡಕು ಬೇರೆ. ಬೀದರ್‌ನವರಿಗೆ ಜಹೀರಾಬಾದ್, ಕಲಬುರಗಿಯವರಿಗೆ ಸೊಲ್ಲಾಪುರ ದೂರವಲ್ಲ. ಮದುವೆ ಬಟ್ಟೆಗೆ ಈಗಲೇ ಆ ಕಡೆ ಹೋಗುವವರು ಇನ್ನಷ್ಟು ಸಾಮಾನು ಅಲ್ಲಿಂದಲೇ ತಂದಾರು.

ಹಾಗಾದರೆ ಏನು ಉಳಿಯಿತು? ಉಳಿದದ್ದು ಕಡಿಮೆಯೇನಲ್ಲ. ಪೆಟ್ರೋಲ್, ಡೀಸೆಲ್ ಇನ್ನೂ ಜಿಎಸ್‌ಟಿಯ ಹೊರಗಿವೆ, ಅವುಗಳ ಮಾರಾಟ ತೆರಿಗೆ ರಾಜ್ಯದ್ದೇ. 2025ರ ಏಪ್ರಿಲ್ 1ರಿಂದ ಡೀಸೆಲ್ ಮೇಲೆ ಶೇ 21.17 ಇದೆ. ಮಾರಾಟ ತೆರಿಗೆಯಿಂದ ಬಸ್ಸು ಓಡಿಸುವ ಆಸೆಗೆ ನಮ್ಮ ಕಾನೂನಿನಲ್ಲಿ ಉಳಿದ ಮುಖ್ಯ ಬಾಗಿಲು ಇದು. ಇಲ್ಲಿನ ಪಂಪುಗಳಲ್ಲಿ ಎತ್ತಿದ ಈ ತೆರಿಗೆಯ ಒಂದು ಪಾಲು ಇಲ್ಲಿನ ಹಳ್ಳಿ ಬಸ್ಸಿಗೆ ಎಂದು ಬಜೆಟ್ಟಿನಲ್ಲಿ ಎತ್ತಿಡಲು ದಿಲ್ಲಿಯ ಒಪ್ಪಿಗೆ ಬೇಕಿಲ್ಲ, ದರ ಏರಿಸುವುದೂ ಬೇಕಿಲ್ಲ. ಇನ್ನೊಂದು ವೃತ್ತಿ ತೆರಿಗೆ. 25,000 ಮತ್ತು ಮೇಲಿನ ಸಂಬಳದಿಂದ ವರ್ಷಕ್ಕೆ 2,500 ರೂಪಾಯಿ ಮುರಿದುಕೊಳ್ಳುತ್ತಾರೆ. ಸಂವಿಧಾನ ಹಾಕಿದ ಮಿತಿಯೂ ಅಷ್ಟೇ. ತಮಿಳುನಾಡು, ಕೇರಳದಲ್ಲಿ ಇದನ್ನು ಸ್ಥಳೀಯ ಸಂಸ್ಥೆಗಳು ಎತ್ತಿಕೊಳ್ಳುತ್ತವೆ, ನಮ್ಮಲ್ಲಿ ರಾಜ್ಯ. ಫ್ರಾನ್ಸ್‌ನಲ್ಲಿ 1971ರಿಂದ ಸಂಬಳ ಕೊಡುವ ಕಂಪನಿಗಳೇ ಊರಿನ ಸಾರಿಗೆಗೆ ತೆರಿಗೆ ಕಟ್ಟುತ್ತವೆ. ಅಂಗಡಿಯ ಬಿಲ್ಲಿಗಿಂತ ಸಂಬಳದ ಚೀಟಿಯಿಂದ ಎತ್ತುವುದು ನನಗೆ ಹೆಚ್ಚು ನ್ಯಾಯವೆನಿಸುತ್ತದೆ.

ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಬಜೆಟ್ಟಿನಲ್ಲಿ ವರ್ಷಕ್ಕೆ 5,000 ಕೋಟಿ ಘೋಷಿಸುತ್ತಾರಲ್ಲ, ಅದು ಸಾಲದೇ ಎನ್ನುವವರಿದ್ದಾರೆ. ಮಂಡಳಿಯ ಹಣ ಬಹುಪಾಲು ಕಾಮಗಾರಿಗೆ. ಬಸ್ಸು ಕೊಳ್ಳುವುದು ಒಂದು ಸಲದ ಖರ್ಚು. ಡ್ರೈವರ್, ಕಂಡಕ್ಟರ್, ಡೀಸೆಲ್, ಟೈರು ದಿನದಿನದ್ದು. ಅಮೆರಿಕದ ಕೌಂಟಿಗಳಲ್ಲಿ ಮಾರಾಟ ತೆರಿಗೆಯ ಒಂದು ಪಾಲು ಈ ದಿನದಿನದ್ದಕ್ಕೂ ಹೋಗುತ್ತದೆ. ನಮ್ಮ ಸಾರಿಗೆ ನಿಗಮದ ದಿನದ ಗಂಟು ಟಿಕೆಟ್ಟಿನಿಂದ, ಮತ್ತು 2023ರ ಜೂನ್ 11ರಿಂದ ಶಕ್ತಿ ಯೋಜನೆಗೆ ರಾಜ್ಯ ಕೊಡುವ ಹಣದಿಂದ. ಟಿಕೆಟ್ ದರವೂ 2025ರ ಜನವರಿಯಲ್ಲಿ ಶೇ 15 ಏರಿತು. ಇನ್ನೊಂದು ತೊಡಕು ಸೀಮೆಯದು. ನಿಗಮದಲ್ಲಿ ವಿಜಯಪುರ ಜಿಲ್ಲೆ ಇದೆ, ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371(ಜೆ) ವಿಧಿಯ ಪಟ್ಟಿಯಲ್ಲಿ ಇಲ್ಲ. ಹಾಗಾಗಿ ಮಂಡಳಿಯ ನಕಾಶೆಯನ್ನು ನಿಗಮದ ನಕಾಶೆಯ ಮೇಲೆ ಇಟ್ಟರೆ ಅಂಚು ಕೂಡುವುದಿಲ್ಲ.

ಕೊನೆಗೆ, ನಾವು ಸಾರಿಗೆಗೆಂದೇ ಈಗಾಗಲೇ ಕೊಡುತ್ತಿರುವ ಒಂದು ತೆರಿಗೆ. ಮನೆಯ ಆಸ್ತಿ ತೆರಿಗೆ ರಸೀದಿ ತೆಗೆದು ಬೆಳಕಿಗೆ ಹಿಡಿಯಿರಿ. ತೆರಿಗೆಯ ಕೆಳಗೆ ಸಣ್ಣ ಅಕ್ಷರದಲ್ಲಿ ಸೆಸ್ಸುಗಳ ಸಾಲು: ಆರೋಗ್ಯ ಶೇ 15, ಗ್ರಂಥಾಲಯ ಶೇ 6, ಭಿಕ್ಷುಕರ ಪುನರ್ವಸತಿ ಶೇ 3, ನಗರ ಸಾರಿಗೆ ಶೇ 2. ತೆರಿಗೆ 3,000 ಇದ್ದರೆ ಈ ಕೊನೆಯ ಸಾಲಿನದು 60 ರೂಪಾಯಿ. ಇದು ನಗರಕ್ಕಷ್ಟೇ ಸೀಮಿತ, ಸುರಪುರದ ತಾಂಡಾಕ್ಕೆ ಇದರಿಂದ ಬಸ್ಸು ಬರುವುದಿಲ್ಲ. ಆದರೆ ಹೆಸರು ಹೇಳಿ ಎತ್ತಿದ ಹಣ ಇದು. ಕ್ಲೇಟನ್‌ನವರು ಕೇಳುವಂತೆ ನಾವೂ ಇದರ ಲೆಕ್ಕ ಕೇಳಬಹುದು.

ಮಾಹಿತಿ ಹಕ್ಕಿನ ಅರ್ಜಿಗೆ ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಂತೆ ಒಂದೇ ವಿಷಯ, 150 ಪದದೊಳಗೆ ಇರಬೇಕು. ಹೀಗೆ ಬರೆದರೆ ಸಾಕು: ‘ಕಳೆದ ಮೂರು ಆರ್ಥಿಕ ವರ್ಷಗಳಲ್ಲಿ ನಮ್ಮ ನಗರದಲ್ಲಿ ವಸೂಲಾದ ನಗರ ಸಾರಿಗೆ ಸೆಸ್ ಎಷ್ಟು, ಅದರಲ್ಲಿ ರಾಜ್ಯದ ನಿಧಿಗೆ ಕಟ್ಟಿದ್ದು ಎಷ್ಟು ಮತ್ತು ಯಾವ ದಿನಾಂಕಕ್ಕೆ, ಆ ನಿಧಿಯಿಂದ ನಮ್ಮ ನಗರಕ್ಕೆ ಮರಳಿ ಬಂದದ್ದು ಎಷ್ಟು, ಯಾವ ಕೆಲಸಕ್ಕೆ?’ ಉತ್ತರಕ್ಕೆ 30 ದಿನದ ಗಡುವು ಇದೆ. ಉತ್ತರ ಬಂದವರು ನನಗೂ ಒಂದು ಪ್ರತಿ ಕಳಿಸಿ, ಮುಂದಿನ ಸಲ ಮೂರೂ ಜಿಲ್ಲೆಯ ಲೆಕ್ಕ ಒಟ್ಟಿಗೆ ಇಟ್ಟು ಬರೆಯುತ್ತೇನೆ.