ಅಜ್ಜನ ಕರಿ ಕೋಟು ಹಸಿರಾದದ್ದು ಹೇಗೆ?

ಹಳೆಯ ಫೋಟೊ ಸ್ಕ್ಯಾನ್ ಮಾಡಿಸಿ, ಹೊಳಪು ಕಾಗದದ ಮೇಲೆ ಪ್ರಿಂಟ್ ತೆಗೆಸಿ, ಕಟ್ಟು ಹಾಕಿಸಿ ಹಜಾರದಲ್ಲಿ ತೂಗುಹಾಕುತ್ತೇವೆ. ಬಿಸಿಲು ಬೀಳುವ ಗೋಡೆಯಾದರೆ ಸ್ವಲ್ಪ ದಿನಕ್ಕೇ ಅಜ್ಜನ ಕರಿ ಕೋಟು ಹಸಿರಿಗೋ ಕೆನ್ನೇರಳೆಗೋ ತಿರುಗುತ್ತದೆ. ಕಪ್ಪು-ಬಿಳುಪು ಚಿತ್ರಕ್ಕೆ ಬಣ್ಣ ಎಲ್ಲಿಂದ ಬಂತು? ಅದು ಮೊದಲಿನಿಂದಲೂ ಅಲ್ಲೇ ಇತ್ತು.

ಇಂಕ್ ಟ್ಯಾಂಕ್ ಪ್ರಿಂಟರ್‌ಗಳ ಹಲವು ಮಾದರಿಗಳಲ್ಲಿ ಕಪ್ಪು ಮಾತ್ರ ಪಿಗ್ಮೆಂಟ್ (ಕರಗದ ಬಣ್ಣದ ಕಣಗಳ) ಶಾಯಿ, ಉಳಿದ ಮೂರು ಡೈ (ಕರಗಿದ ಬಣ್ಣ). ಸೆಟ್ಟಿಂಗ್‌ನಲ್ಲಿ ‘ಫೋಟೊ ಪೇಪರ್’ ಆರಿಸಿದಿರೋ, ಇಂಥ ಪ್ರಿಂಟರ್ ಪಿಗ್ಮೆಂಟ್ ಕಪ್ಪನ್ನು ಮುಟ್ಟುವುದೇ ಇಲ್ಲ. ಅದು ಹೊಳಪು ಕಾಗದದಲ್ಲಿ ಇಳಿಯದೆ ಮೇಲೇ ನಿಂತು ಉಜ್ಜಿದರೆ ಬರುತ್ತದೆ. ಬದಲಿಗೆ ನೀಲಿ, ಕೆನ್ನೇರಳೆ, ಹಳದಿ ಬೆರೆಸಿ ಕಪ್ಪಿನಂತೆ ತೋರಿಸುತ್ತದೆ. ಮೂರರಲ್ಲಿ ಒಂದು ಮೊದಲು ಮಾಸುತ್ತದೆ, ಉಳಿದೆರಡರ ಬಣ್ಣ ಮೇಲೇಳುತ್ತದೆ.

ಡೈ ಎಂದರೆ ಬಿಡಿ ಬಿಡಿ ಅಣುಗಳು. ಬೆಳಕು ಇಲ್ಲವೇ ಗಾಳಿಯ ಓಝೋನ್ ಒಂದು ಬಂಧ ಮುರಿದರೆ ಆ ಅಣುವಿನ ಬಣ್ಣ ಹೋಯಿತು. ಇಂಗಾಲದ ಪಿಗ್ಮೆಂಟ್ ಕಣವಾದರೋ ಸುಮಾರು 100 ನ್ಯಾನೊಮೀಟರ್‌ನ ಗಟ್ಟಿ ಮುದ್ದೆ. ಬಿದ್ದ ಬೆಳಕನ್ನು ನುಂಗಿ ಶಾಖವಾಗಿ ಬಿಟ್ಟುಬಿಡುತ್ತದೆ. 1891ರಲ್ಲಿ ಶುರುವಾದ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಲ್ಲಿರುವಂಥ ಓಲೆಗರಿಗಳ ಅಕ್ಷರ ಕಾಣುವುದೂ ಇದರಿಂದಲೇ: ಕಂಟವೆಂಬ ಲೋಹದ ಮೊನೆಯಿಂದ ಕೊರೆದ ಗೀರಿಗೆ ಎಣ್ಣೆ ಬೆರೆಸಿದ ದೀಪದ ಮಸಿ, ಅಂದರೆ ಇಂಗಾಲ, ತಿಕ್ಕುತ್ತಿದ್ದರು. (ಮೈಸೂರಿನ ಚುನಾವಣಾ ಶಾಯಿಯ ಲೆಕ್ಕ ಬೇರೆ. ಅದರಲ್ಲಿರುವುದು ಸಿಲ್ವರ್ ನೈಟ್ರೇಟ್; ಬೆಳಕು ಬಿದ್ದಷ್ಟೂ ಕಪ್ಪಾಗುತ್ತದೆ.) ಹಾಗಂತ ಮನೆಯ ಮಸಿಯನ್ನೋ ಬರೆಯುವ ಇಂಡಿಯನ್ ಇಂಕನ್ನೋ ಪ್ರಿಂಟರಿಗೆ ಸುರಿಯಬೇಡಿ. ಕಣಗಳು ಗಂಟುಕಟ್ಟಿ, ಅಂಟು ಒಣಗಿ, ಶಾಯಿ ಚಿಮ್ಮುವ, ಕೂದಲಿಗಿಂತ ಸಣ್ಣ ತೂತು (ನಾಝಲ್) ಮುಚ್ಚಿಹೋಗುತ್ತದೆ.

ಇಂಗಾಲಕ್ಕೆ ಒಂದು ಸ್ವಭಾವವಿದೆ: ತೆಳುವಾದಾಗ ಕಂದು ಛಾಯೆ ಬರುತ್ತದೆ. ಅದನ್ನು ಮರೆಸಲು, ಎಲ್ಲ ಶಾಯಿಯೂ ಪಿಗ್ಮೆಂಟ್ ಆಗಿರುವ ಪ್ರಿಂಟರ್ ಕೂಡ ಕಪ್ಪು-ಬಿಳುಪು ಮೋಡ್‌ನಲ್ಲಿ ಚೂರು ನೀಲಿ, ಚೂರು ಕೆನ್ನೇರಳೆ ಸೇರಿಸುತ್ತದೆ. ಆ ಬಣ್ಣಗಳು ಪಿಗ್ಮೆಂಟೇ ಆದರೂ ಇಂಗಾಲದಷ್ಟು ಬಾಳುವುದಿಲ್ಲ. ಬರೀ ಇಂಗಾಲದ ಶಾಯಿ ಬಳಸಿ ಕಂದು ಛಾಯೆ ಒಪ್ಪಿಕೊಳ್ಳುವುದೇ ಜಾಣತನ. ಒಂದೇ ಕಪ್ಪಿನಿಂದ ತಿಳಿಬೂದು ತೆಗೆದರೆ ಚುಕ್ಕಿ ಕಾಣುವುದರಿಂದ, ಅದೇ ಶಾಯಿಯ ಮೂರು ನಾಲ್ಕು ತೆಳು ಹದಗಳನ್ನು ಬೇರೆ ಬೇರೆ ಕಾರ್ಟ್ರಿಜ್‌ನಲ್ಲಿ ತುಂಬಿ, ಕ್ವಾಡ್‌ಟೋನ್ ರಿಪ್‌ನಂಥ ತಂತ್ರಾಂಶದಿಂದ ಪ್ರಿಂಟ್ ತೆಗೆಯುತ್ತಾರೆ.

ಬಾಳಿಕೆ ಪರೀಕ್ಷೆಯನ್ನು ಮನೆಯಲ್ಲೇ ಮಾಡಬಹುದು. ಗೋಡೆಯ ಮೇಲೆ ದಿನಕ್ಕೆ 12 ಗಂಟೆ 450 ಲಕ್ಸ್ (ಬೆಳಕಿನ ತೀವ್ರತೆಯ ಅಳತೆ) ಬೆಳಕು ಎಂದು ಹಿಡಿದರೆ ವರ್ಷಕ್ಕೆ ಸುಮಾರು 20 ಲಕ್ಷ ಲಕ್ಸ್-ಗಂಟೆ. ನೆತ್ತಿಯ ಬಿಸಿಲು ಹತ್ತಿರ ಹತ್ತಿರ ಒಂದು ಲಕ್ಷ ಲಕ್ಸ್. ಅಂದರೆ 20 ಗಂಟೆ ಬಿಸಿಲು ಗೋಡೆಯ ಒಂದು ವರ್ಷಕ್ಕೆ ಸಮ. ಮಾದರಿ ಪ್ರಿಂಟಿನ ಅರ್ಧಕ್ಕೆ ಕಪ್ಪು ರಟ್ಟು ಮುಚ್ಚಿ, ಗಾಜಿನ ಹಿಂದೆ ಒಂದು ವಾರ ಬಿಸಿಲಿಗಿಡಿ. ಡೈ ಇದ್ದರೆ ಗೆರೆ ಹೊಡೆದಂತೆ ಎರಡು ಬಣ್ಣ ಬರುತ್ತದೆ.

ಇಂಗಾಲ ಉಳಿದರೂ ಕಾಗದ ಕೈಕೊಡುತ್ತದೆ. ಕಣ್ಣು ಕೋರೈಸುವ ಬಿಳುಪು ಬಹುಪಾಲು ನೇರಳಾತೀತ (ಯುವಿ) ಬೆಳಕಿಗೆ ನೀಲಿಯಾಗಿ ಹೊಳೆಯುವ ಬೆಳ್ಪುಕಾರಕ ರಾಸಾಯನಿಕದ್ದು; ಅದು ಸತ್ತ ಮೇಲೆ ಕಾಗದ ಹಳದಿಯಾಗಿ ಕಾಣುತ್ತದೆ. ಕಳ್ಳನೋಟು ಪತ್ತೆಯ ಯುವಿ ಟಾರ್ಚ್ ಹಿಡಿಯಿರಿ, ನೀಲಿಯಾಗಿ ಹೊಳೆದರೆ ಬೇಡ. ಬೆಳ್ಪುಕಾರಕವಿಲ್ಲದ, ಇಂಕ್‌ಜೆಟ್ ಲೇಪನವಿರುವ 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ) ಹತ್ತಿ ಕಾಗದ ಒಳ್ಳೆಯದು.

ಪಿಗ್ಮೆಂಟ್ ತಳಕ್ಕೆ ಕೂರುತ್ತದೆ. ತಿಂಗಳುಗಟ್ಟಲೆ ಸುಮ್ಮನಿದ್ದ ಕಾರ್ಟ್ರಿಜ್ ತೆಗೆದು ಮೆಲ್ಲಗೆ ಮಗುಚಿ ಆಡಿಸಿ, ವಾರಕ್ಕೊಮ್ಮೆ ನಾಝಲ್ ಚೆಕ್ ಮಾಡಿ. ಪ್ರಿಂಟ್ ತೆಗೆದ ಮೇಲೆ 24 ಗಂಟೆ ಆರಲು ಬಿಡಿ, ಮಳೆಗಾಲದಲ್ಲಿ ಎರಡು ದಿನ. ಇಲ್ಲವಾದರೆ ಶಾಯಿಯಲ್ಲಿರುವ ಗ್ಲೈಕಾಲ್ ಎಂಬ ದ್ರವ ಆವಿಯಾಗಿ ಕಟ್ಟಿನ ಗಾಜಿನ ಒಳಮೈಗೆ ಮಂಜು ಹಿಡಿಯುತ್ತದೆ. ಗಾಜು ಚಿತ್ರಕ್ಕೆ ತಾಗದಂತೆ ನಡುವೆ ರಟ್ಟಿನ ಚೌಕಟ್ಟು ಇರಲಿ. ಧೂಳು ಕೂತರೆ ಬಟ್ಟೆ ಹಾಕಿ ಒರೆಸಬೇಡಿ. ಮ್ಯಾಟ್ ಕಾಗದದ ಮೇಲಿನ ಇಂಗಾಲ ಬಿಸಿಲಿಗೆ ಜಗ್ಗದಿದ್ದರೂ ಉಜ್ಜಿದರೆ ಎದ್ದು ಬರುತ್ತದೆ. ಮೆತ್ತನೆಯ ಒಣ ಬ್ರಷ್ ಸಾಕು.